ದಿನ ತುಂಬಿ ಹುಟ್ಟಲಿ ಮಗು: ಗರ್ಭಿಣಿಯ ರಕ್ತದ ಲೆಕ್ಕ

(ಸ್ವ-ಸಹಾಯ ಸಂಘಗಳ ಸದಸ್ಯೆಯರಿಗಾಗಿ ನಡೆದ ತಾಯಿ-ಮಗು ಆರೋಗ್ಯ ತರಬೇತಿಯಲ್ಲಿ ಆಡಿದ ಮಾತುಗಳ ಬರಹ ರೂಪ)



ನೀವೆಲ್ಲ ಲೆಕ್ಕ ಬಲ್ಲವರು. ಈ ವಾರ ಉಳಿತಾಯ ಎಷ್ಟು ಬಂತು, ಯಾರ ಸಾಲದ ಕಂತು ಬಾಕಿ ಇದೆ, ಬಡ್ಡಿ ಎಷ್ಟಾಯಿತು ಅಂತ ಪುಸ್ತಕ ನೋಡದೆಯೇ ಹೇಳುತ್ತೀರಿ. ಈಗ ನಾನೊಂದು ಪ್ರಶ್ನೆ ಕೇಳ್ತೀನಿ. ನಿಮ್ಮ ಮನೆಯಲ್ಲಿ ಗರ್ಭಿಣಿ ಇದ್ದರೆ, ಮಗಳಾಗಲಿ, ಸೊಸೆಯಾಗಲಿ, ನೀವೇ ಆಗಲಿ, ಅವಳ ರಕ್ತ ಎಷ್ಟಿದೆ? ಹೆಚ್ಚಿನವರು ‘ಪರವಾಗಿಲ್ಲ ಅಂದ್ರು’, ‘ಸ್ವಲ್ಪ ಕಡಿಮೆ ಇದೆ ಅಂದ್ರು’ ಅಂತ ಹೇಳ್ತಾರೆ. ಸಾಲ ಎಷ್ಟು ಬಾಕಿ ಅಂತ ಕೇಳಿದಾಗ ಸದಸ್ಯೆ ‘ಸ್ವಲ್ಪ ಇದೆ’ ಅಂದರೆ ನೀವು ಒಪ್ಪುತ್ತೀರಾ? ಒಪ್ಪಲ್ಲ. ರಕ್ತದ ವಿಷಯದಲ್ಲೂ ಹಾಗೇ ಆಗಬೇಕು. ಎಷ್ಟು ಅಂತ ಅಂಕಿ ಗೊತ್ತಿರಬೇಕು. ಅದೂ ಗರ್ಭದ ಮೊದಲ ಮೂರು ತಿಂಗಳಲ್ಲೇ ಗೊತ್ತಿರಬೇಕು. ಇವತ್ತು ನಾನು ಹೇಳೋದು ಇಷ್ಟೇ. ಯಾಕೆ ಹಾಗೆ ಅನ್ನೋದನ್ನು ಒಂದೊಂದಾಗಿ ನೋಡೋಣ.

ದಿನ ತುಂಬದ ಹೆರಿಗೆ ಅಂದರೇನು?

ಕೊನೆಯ ಸಲ ಮುಟ್ಟಾದ ಮೊದಲ ದಿನದಿಂದ ಲೆಕ್ಕ ಹಾಕಿದರೆ ಗರ್ಭ 40 ವಾರ ಇರುತ್ತದೆ. 37 ವಾರ ತುಂಬುವ ಮೊದಲೇ ಹೆರಿಗೆಯಾದರೆ ಅದನ್ನು ಅವಧಿಪೂರ್ವ ಹೆರಿಗೆ ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ಮತ್ತು ಯುನಿಸೆಫ್ ಕೂಡಿ ಮಾಡಿದ ಅಂದಾಜಿನ ಪ್ರಕಾರ 2020ರಲ್ಲಿ ಪ್ರಪಂಚದಲ್ಲಿ 1 ಕೋಟಿ 34 ಲಕ್ಷ ಮಕ್ಕಳು ಹೀಗೆ ದಿನ ತುಂಬದೆ ಹುಟ್ಟಿದವು. ಅದರಲ್ಲಿ ಸುಮಾರು 30 ಲಕ್ಷ ನಮ್ಮ ದೇಶದ್ದು. ಬೇರೆ ಯಾವ ದೇಶದಲ್ಲೂ ಇಷ್ಟು ಸಂಖ್ಯೆ ಇಲ್ಲ. ಐದು ವರ್ಷದೊಳಗಿನ ಮಕ್ಕಳ ಸಾವಿಗೆ ಇವತ್ತು ದೊಡ್ಡ ಕಾರಣ ಇದೇ.

ನಮ್ಮ ಕಡೆ ಒಂದು ಮಾತಿದೆ. ‘ಏಳು ತಿಂಗಳಿಗೆ ಹುಟ್ಟಿದ್ದು ಉಳಿಯುತ್ತೆ, ಎಂಟಕ್ಕೆ ಹುಟ್ಟಿದ್ದು ಉಳಿಯಲ್ಲ’ ಅಂತ. ಇದು ನಿಜವಲ್ಲ. ಹೊಟ್ಟೆಯೊಳಗೆ ಕಳೆದ ಒಂದೊಂದು ವಾರವೂ ಮಗುವಿಗೆ ಲಾಭ. ಶ್ವಾಸಕೋಶ ಬಲಿಯುತ್ತದೆ, ಮೈಯಲ್ಲಿ ಕೊಬ್ಬು ಸೇರಿ ಮೈ ಬಿಸಿಯಾಗಿ ಉಳಿಯುತ್ತದೆ, ಮೊಲೆ ಚೀಪುವ ಶಕ್ತಿ ಬರುತ್ತದೆ. ಆದ್ದರಿಂದ ಎಂಟು ತಿಂಗಳ ಮಗುವಿಗೆ ಏಳು ತಿಂಗಳ ಮಗುವಿಗಿಂತ ಬದುಕುವ ಅವಕಾಶ ಹೆಚ್ಚು.

ರಕ್ತ ಏನು ಹೇಳುತ್ತದೆ?

ಬೇಗ ಹೆರಿಗೆ ಆಗೋದಕ್ಕೆ ಕಾರಣ ಒಂದೇ ಅಲ್ಲ. ಮೂತ್ರದ ಸೋಂಕು, ಬಿ.ಪಿ., ಸಕ್ಕರೆ ಕಾಯಿಲೆ, ಅವಳಿ ಮಕ್ಕಳು, ತೀರಾ ಚಿಕ್ಕ ವಯಸ್ಸಿನಲ್ಲಿ ಬಸಿರು, ಒಂದು ಹೆರಿಗೆಯ ಹಿಂದೆಯೇ ಇನ್ನೊಂದು ಬಸಿರು, ತಂಬಾಕು, ಹೀಗೆ ಹಲವು ಇವೆ. ಎಷ್ಟೋ ಸಲ ಕಾರಣ ಗೊತ್ತಾಗೋದೂ ಇಲ್ಲ. ಆದರೆ ತಾಯಿಯ ರಕ್ತದಲ್ಲಿ ಕೆಲವು ಗುರುತುಗಳು ಮೊದಲೇ ಕಾಣಿಸುತ್ತವೆ. ಗುರುತು ಅಂದರೆ ಹಣೆಬರಹ ಅಲ್ಲ. ಮೋಡ ಕಂಡ ಕೂಡಲೇ ನಾವು ಒಣಗಲು ಹಾಕಿದ ಕಾಳನ್ನು ಒಳಗೆ ತರುತ್ತೇವೆ, ಮಳೆ ಬಂದೇ ಬರುತ್ತೆ ಅಂತ ಅಲ್ಲ, ಬರಬಹುದು ಅಂತ. ಇದೂ ಹಾಗೇ.

ಮೊದಲನೆಯ ಗುರುತು ಹಿಮೋಗ್ಲೋಬಿನ್. ರಕ್ತಕ್ಕೆ ಕೆಂಪು ಬಣ್ಣ ಕೊಡುವ, ಉಸಿರಿನ ಆಮ್ಲಜನಕವನ್ನು ಹೊತ್ತು ಮಗುವಿನವರೆಗೆ ಮುಟ್ಟಿಸುವ ಅಂಶ ಇದು. ಇದನ್ನು ಮಾಡಲು ಕಬ್ಬಿಣಾಂಶ ಬೇಕು. ಗರ್ಭಿಣಿಗೆ ಇದು 11 ಗ್ರಾಂ ಅಥವಾ ಅದಕ್ಕಿಂತ ಹೆಚ್ಚಿರಬೇಕು. 10ರಿಂದ 10.9 ಇದ್ದರೆ ಸ್ವಲ್ಪ ರಕ್ತಹೀನತೆ. 7ರಿಂದ 9.9 ಮಧ್ಯಮ. 7ಕ್ಕಿಂತ ಕಡಿಮೆ ಇದ್ದರೆ ತೀವ್ರ ರಕ್ತಹೀನತೆ, ಅದು ಅಪಾಯ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ 2019-21ರಲ್ಲಿ ನಡೆದಾಗ ದೇಶದ ಗರ್ಭಿಣಿಯರಲ್ಲಿ ನೂರಕ್ಕೆ 52 ಜನರಿಗೆ ರಕ್ತಹೀನತೆ ಇತ್ತು. ನಮ್ಮ ಕರ್ನಾಟಕದಲ್ಲಿ ನೂರಕ್ಕೆ ಸುಮಾರು 46. ಅಂದರೆ ಇಬ್ಬರು ಗರ್ಭಿಣಿಯರಲ್ಲಿ ಹತ್ತಿರಹತ್ತಿರ ಒಬ್ಬರು.

ಬೇರೆ ಬೇರೆ ದೇಶಗಳ ಅಧ್ಯಯನಗಳನ್ನು ಒಟ್ಟುಗೂಡಿಸಿದ ಒಂದು ವರದಿ 2013ರಲ್ಲಿ ಬಂತು. ಗರ್ಭದ ಮೊದಲ ಆರು ತಿಂಗಳಲ್ಲಿ ರಕ್ತಹೀನತೆ ಇದ್ದವರಲ್ಲಿ ದಿನ ತುಂಬದ ಹೆರಿಗೆ ಸುಮಾರು ಐದನೇ ಒಂದು ಪಾಲು ಹೆಚ್ಚು ಅಂತ ಅದರಲ್ಲಿ ಕಂಡುಬಂತು. ರಕ್ತ ಸರಿ ಇರುವ ನೂರು ತಾಯಂದಿರಲ್ಲಿ ಹತ್ತು ಮಕ್ಕಳು ಬೇಗ ಹುಟ್ಟುತ್ತವೆ ಅಂದುಕೊಳ್ಳಿ, ರಕ್ತ ಕಡಿಮೆ ಇರುವ ನೂರು ತಾಯಂದಿರಲ್ಲಿ ಹನ್ನೆರಡು. ಎರಡೇ ಮಗು ಅಂತ ಅನ್ನಿಸಬಹುದು. ಆ ಎರಡು ಮಗು ಯಾರ ಮನೆಯದು ಅಂತ ಯೋಚಿಸಿ.

ಎರಡನೆಯ ಗುರುತು ಫೆರಿಟಿನ್. ಹೆಸರು ಹೊಸದು, ವಿಷಯ ನಿಮಗೆ ಹಳೆಯದು. ಹಿಮೋಗ್ಲೋಬಿನ್ ಕೈಯಲ್ಲಿರುವ ನಗದು ಆದರೆ, ಫೆರಿಟಿನ್ ಬ್ಯಾಂಕಿನಲ್ಲಿರುವ ಉಳಿತಾಯ. ಮೈಯಲ್ಲಿ ಕಬ್ಬಿಣಾಂಶದ ಉಳಿತಾಯ ಎಷ್ಟಿದೆ ಅಂತ ಅದು ತೋರಿಸುತ್ತದೆ. ಕೈಯಲ್ಲಿ ಕಾಸು ಇದ್ದರೂ ಪಾಸ್‌ಬುಕ್ ಖಾಲಿ ಇರಬಹುದು, ಅಲ್ವಾ? ಒಂದು ಬಸಿರಿಗೆ ಒಟ್ಟು ಸುಮಾರು 1000 ಮಿಲಿಗ್ರಾಂ ಕಬ್ಬಿಣಾಂಶ ಬೇಕಾಗುತ್ತದೆ. ಉಳಿತಾಯ ಇಲ್ಲದವಳು ಐದನೇ ಆರನೇ ತಿಂಗಳಿಗೆ ಸಾಲಕ್ಕೆ ಬೀಳುತ್ತಾಳೆ. ಈ ಪರೀಕ್ಷೆ ಎಲ್ಲ ಕಡೆ ಮಾಡುವುದಿಲ್ಲ. ಆದ್ದರಿಂದಲೇ ಹಿಮೋಗ್ಲೋಬಿನ್ ಸರಿ ಇದ್ದರೂ ಗರ್ಭಿಣಿ ಕಬ್ಬಿಣದ ಮಾತ್ರೆ ತಗೋಬೇಕು ಅನ್ನೋದು.

ಇಲ್ಲಿ ಇನ್ನೊಂದು ಮಾತು. ಬಸುರಿಯ ರಕ್ತ ನಾಲ್ಕನೇ ತಿಂಗಳಿನಿಂದ ಸ್ವಲ್ಪ ತೆಳುವಾಗುತ್ತದೆ. ಅದು ಸಹಜ. ರಕ್ತದ ನೀರಿನ ಭಾಗ ಹೆಚ್ಚಾಗಿ ಮಗುವಿನ ಕಡೆ ಸಲೀಸಾಗಿ ಹರಿಯಲಿ ಅಂತ ದೇಹವೇ ಮಾಡಿಕೊಳ್ಳುವ ಏರ್ಪಾಡು. ಅದಕ್ಕೇ ಮೂರು ತಿಂಗಳೊಳಗಿನ ಅಂಕಿ ಮುಖ್ಯ. ಮೊದಲೇ 9 ಇದ್ದವಳ ರಕ್ತ ಮತ್ತೆ ತೆಳುವಾದರೆ ಏನು ಗತಿ? ಹಾಗಂತ ರಕ್ತ ಎಷ್ಟು ಏರಿದರೂ ಒಳ್ಳೆಯದು ಅಂತಲೂ ಅಲ್ಲ. ತೀರಾ ಹೆಚ್ಚಿದ್ದರೂ, ಅಂದರೆ ರಕ್ತ ತೆಳುವಾಗಬೇಕಾದಷ್ಟು ಆಗದಿದ್ದರೂ, ಡಾಕ್ಟರು ಬಿ.ಪಿ. ಕಡೆ ಗಮನ ಕೊಡುತ್ತಾರೆ.

ಮೂರನೆಯದು ಬಿ12 ಜೀವಸತ್ವ. ಇದೂ ರಕ್ತ ಮಾಡಲು ಬೇಕು. ಇದು ಸೊಪ್ಪು, ಕಾಳು, ಹಣ್ಣಿನಲ್ಲಿ ಇಲ್ಲ. ಹಾಲು, ಮೊಸರು, ಮೊಟ್ಟೆ, ಮೀನು, ಮಾಂಸದಲ್ಲಿ ಮಾತ್ರ ಇದೆ. ಹಾಗಾಗಿ ನಮ್ಮ ದೇಶದಲ್ಲಿ ಇದರ ಕೊರತೆ ಬಹಳ. 11 ಸಾವಿರಕ್ಕೂ ಹೆಚ್ಚು ಗರ್ಭಿಣಿಯರ ಲೆಕ್ಕ ಸೇರಿಸಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಬಿ12 ಕೊರತೆ ಇದ್ದವರಲ್ಲೂ ದಿನ ತುಂಬದ ಹೆರಿಗೆ ಸುಮಾರು ಐದನೇ ಒಂದು ಪಾಲು ಹೆಚ್ಚು ಕಂಡಿತು. ಬರೀ ಅನ್ನ-ಸಾರು, ಹಾಲಿಲ್ಲದ ಕರಿ ಟೀ, ಇಷ್ಟರಲ್ಲೇ ದಿನ ಕಳೆಯುವ ಬಸುರಿಗೆ ಈ ಕೊರತೆ ಬರುವುದು ಸುಲಭ.

ನಾಲ್ಕನೆಯದು ಮೀನಿನ ಎಣ್ಣೆಯಂಶ, ಒಮೆಗಾ-3 ಅನ್ನುತ್ತಾರೆ. 70 ಅಧ್ಯಯನಗಳನ್ನು ಸೇರಿಸಿ 2018ರಲ್ಲಿ ಬಂದ ವರದಿಯಲ್ಲಿ, ಇದನ್ನು ಹೆಚ್ಚು ಪಡೆದ ಗರ್ಭಿಣಿಯರಲ್ಲಿ 34 ವಾರಕ್ಕೂ ಮೊದಲು ಆಗುವ ಹೆರಿಗೆ ನೂರಕ್ಕೆ 4.6ರಿಂದ 2.7ಕ್ಕೆ ಇಳಿದಿತ್ತು. ಆದರೆ ಆಸ್ಟ್ರೇಲಿಯಾದಲ್ಲಿ ಮುಂದೆ ರಕ್ತ ಪರೀಕ್ಷೆ ಮಾಡಿ ನೋಡಿದಾಗ, ಮೈಯಲ್ಲಿ ಈ ಅಂಶ ಕಡಿಮೆ ಇದ್ದವರಿಗೇ ಲಾಭ, ಮೊದಲೇ ಸಾಕಷ್ಟು ಇದ್ದವರಿಗೆ ಹೆಚ್ಚುವರಿ ಕ್ಯಾಪ್ಸೂಲಿನಿಂದ ಲಾಭವಿಲ್ಲ ಅಂತ ಗೊತ್ತಾಯಿತು. ಇದರಿಂದ ನಮಗೊಂದು ಪಾಠ ಇದೆ. ಇಲ್ಲದವರಿಗೆ ಕೊಡಬೇಕು, ಇದ್ದವರಿಗೆ ಸುರಿಯಬಾರದು. ಅದಕ್ಕೆ ಮೊದಲು ಇದೆಯೋ ಇಲ್ಲವೋ ತಿಳಿಯಬೇಕು. ಮೀನು ತಿನ್ನುವವರು ಕ್ಯಾಪ್ಸೂಲಿಗೆ ದುಡ್ಡು ಹಾಕುವ ಬದಲು ವಾರಕ್ಕೆ ಒಂದೆರಡು ಸಲ ಬೂತಾಯಿ, ಬಂಗುಡೆ ಸಾರು ಮಾಡಿ ಬಸುರಿಗೆ ಬಡಿಸಿದರೆ ಸಾಕು. ಬಿ12 ಕೂಡ ಅದರಲ್ಲೇ ಬಂತು.

ಸುಣ್ಣದಂಶವೂ ಬೇಕು

ಗರ್ಭಿಣಿಗೆ ಬಿ.ಪಿ. ಏರಿ, ಮೂತ್ರದಲ್ಲಿ ಪ್ರೋಟೀನ್ ಹೋಗಿ, ಕೈ ಕಾಲು ಮುಖ ಊದಿಕೊಂಡರೆ ತಾಯಿಯ ಜೀವ ಉಳಿಸಲು ಡಾಕ್ಟರು ದಿನ ತುಂಬುವ ಮೊದಲೇ ಹೆರಿಗೆ ಮಾಡಿಸಬೇಕಾಗುತ್ತದೆ. ಊಟದಲ್ಲಿ ಕ್ಯಾಲ್ಸಿಯಂ, ಅಂದರೆ ಸುಣ್ಣದಂಶ ಕಡಿಮೆ ಇರುವ ಕಡೆ ಈ ತೊಂದರೆ ಹೆಚ್ಚು. ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು 11 ಸಾವಿರ ಚೊಚ್ಚಲ ಗರ್ಭಿಣಿಯರ ಜೊತೆ ಒಂದು ಅಧ್ಯಯನ ಮಾಡಿದರು. 2024ರಲ್ಲಿ ಅದರ ಫಲಿತಾಂಶ ಬಂತು. ಅರ್ಧದಷ್ಟು ಜನಕ್ಕೆ ದಿನಕ್ಕೆ 500 ಮಿಲಿಗ್ರಾಂ, ಉಳಿದರ್ಧಕ್ಕೆ 1500 ಮಿಲಿಗ್ರಾಂ ಕ್ಯಾಲ್ಸಿಯಂ ಕೊಟ್ಟಿದ್ದರು. ಬಿ.ಪಿ. ತೊಂದರೆ ತಡೆಯುವುದರಲ್ಲಿ ಕಡಿಮೆ ಪ್ರಮಾಣ ಹೆಚ್ಚು ಪ್ರಮಾಣಕ್ಕಿಂತ ಹಿಂದೆ ಬೀಳಲಿಲ್ಲ. ನಮ್ಮ ಮಣ್ಣಿನ ಹೆಣ್ಣುಮಕ್ಕಳೇ ಕೊಟ್ಟ ಈ ಉತ್ತರ ಇವತ್ತು ಪ್ರಪಂಚಕ್ಕೆಲ್ಲ ಉಪಯೋಗವಾಗುತ್ತಿದೆ. ನೀವು ಮಾತ್ರ ಆಸ್ಪತ್ರೆಯಲ್ಲಿ ಎಷ್ಟು ಹೇಳುತ್ತಾರೋ ಅಷ್ಟು ತಗೊಳ್ಳಿ. ಜೊತೆಗೆ ರಾಗಿ ಮುದ್ದೆ, ರಾಗಿ ಅಂಬಲಿ ಬಿಡಬೇಡಿ. ನೂರು ಗ್ರಾಂ ರಾಗಿಯಲ್ಲಿ 350 ಮಿಲಿಗ್ರಾಂ ಆಸುಪಾಸು ಸುಣ್ಣದಂಶ ಇದೆ. ಅಕ್ಕಿಯಲ್ಲಿ ಅದರ ಲೆಕ್ಕಕ್ಕೇ ಬರದಷ್ಟು.

ಮಾತ್ರೆ ಹೇಗೆ ತಗೋಬೇಕು?

ಮೊದಲ ಮೂರು ತಿಂಗಳು ಫೋಲಿಕ್ ಆಸಿಡ್ ಮಾತ್ರೆ. ನಾಲ್ಕನೇ ತಿಂಗಳಿನಿಂದ ಕೆಂಪು ಮಾತ್ರೆ. ಅದರಲ್ಲಿ 60 ಮಿಲಿಗ್ರಾಂ ಕಬ್ಬಿಣಾಂಶ, 500 ಮೈಕ್ರೋಗ್ರಾಂ ಫೋಲಿಕ್ ಆಸಿಡ್ ಇರುತ್ತದೆ. ದಿನಕ್ಕೊಂದರಂತೆ 180 ದಿನ, ಹೆರಿಗೆಯಾದ ಮೇಲೆ ಮತ್ತೆ 180 ದಿನ. ರಕ್ತ 11ಕ್ಕಿಂತ ಕಡಿಮೆ ಇದ್ದವರಿಗೆ ದಿನಕ್ಕೆ ಎರಡು ಕೊಡುತ್ತಾರೆ. ನಾಲ್ಕನೇ ತಿಂಗಳಾದ ಮೇಲೆ ಒಂದು ಸಲ ಜಂತುಹುಳದ ಮಾತ್ರೆ. ಇವೆಲ್ಲ ಸರ್ಕಾರಿ ಆಸ್ಪತ್ರೆಯಲ್ಲಿ ಪುಕ್ಕಟೆ.

ಕಬ್ಬಿಣದ ಮಾತ್ರೆ ಮತ್ತು ಕ್ಯಾಲ್ಸಿಯಂ ಮಾತ್ರೆ ಒಟ್ಟಿಗೆ ನುಂಗಬೇಡಿ. ಒಂದು ಇನ್ನೊಂದನ್ನು ಮೈಗೆ ಹತ್ತಲು ಬಿಡಲ್ಲ. ಎರಡರ ಮಧ್ಯೆ ಎರಡು ಗಂಟೆ ಬಿಡುವಿರಲಿ. ಮಾತ್ರೆ ತಗೊಂಡು ಒಂದು ಗಂಟೆ ಟೀ, ಕಾಫಿ ಬೇಡ. ನಿಂಬೆಹಣ್ಣಿನ ಪಾನಕ, ನೆಲ್ಲಿಕಾಯಿ, ಸೀಬೆಹಣ್ಣು ಜೊತೆಯಲ್ಲಿದ್ದರೆ ಕಬ್ಬಿಣಾಂಶ ಚೆನ್ನಾಗಿ ಹತ್ತುತ್ತದೆ. ಹೊಟ್ಟೆ ತೊಳಸಿದ ಹಾಗಾದರೆ ರಾತ್ರಿ ಊಟವಾದ ಮೇಲೆ ಮಲಗುವಾಗ ತಗೊಳ್ಳಿ. ಮಲ ಕಪ್ಪಗೆ ಹೋದರೆ ಹೆದರಬೇಡಿ, ಅದು ಮಾತ್ರೆಯ ಬಣ್ಣ. ಮಾತ್ರೆಯಿಂದ ಮಗು ಕಪ್ಪಾಗುತ್ತೆ ಅನ್ನೋದು ಸುಳ್ಳು. ಮಗು ದಪ್ಪ ಬೆಳೆದು ಹೆರಿಗೆ ಕಷ್ಟವಾಗುತ್ತೆ ಅಂತ ಮಾತ್ರೆಯನ್ನು, ಊಟವನ್ನು ಕಡಿಮೆ ಮಾಡಿಸುವುದು ಮಾತ್ರ ತುಂಬಾ ತಪ್ಪು. ಬೀಟ್‌ರೂಟ್ ಕೆಂಪಗಿದೆ, ಅದನ್ನು ತಿಂದರೆ ಸಾಕು ಅಂತಲೂ ನಂಬಬೇಡಿ. ಅದರಲ್ಲಿ ಕಬ್ಬಿಣಾಂಶ ಕಡಿಮೆ. ಹರಿವೆ, ದಂಟು, ನುಗ್ಗೆ ಸೊಪ್ಪು, ಹುರುಳಿಕಾಳು, ಮೀನು, ಮಾಂಸ ಅದಕ್ಕಿಂತ ಮೇಲು.

ಒಂದು ತಿಂಗಳು ಸರಿಯಾಗಿ ಮಾತ್ರೆ ತಗೊಂಡರೂ ರಕ್ತ ಒಂದು ಗ್ರಾಂ ಕೂಡ ಏರದಿದ್ದರೆ ಸುಮ್ಮನಿರಬೇಡಿ. ಬೇರೆ ಕಾರಣ ಇರಬಹುದು. ಬಿ12 ಕೊರತೆ, ಜಂತುಹುಳ, ಇಲ್ಲವೇ ಹುಟ್ಟಿನಿಂದ ಬರುವ ಸಿಕಲ್ ಸೆಲ್, ಥಲಸ್ಸೇಮಿಯಾದಂತಹ ರಕ್ತದ ದೋಷ. ಆಗ ದೊಡ್ಡ ಆಸ್ಪತ್ರೆಯಲ್ಲಿ ಪರೀಕ್ಷೆ ಬೇಕು. ಬೇಕಾದರೆ ಕಬ್ಬಿಣಾಂಶವನ್ನು ಡ್ರಿಪ್ ಮೂಲಕ ರಕ್ತನಾಳಕ್ಕೇ ಕೊಡುತ್ತಾರೆ. 7ಕ್ಕಿಂತ ಕಡಿಮೆ ಇದ್ದವರನ್ನು ಮನೆಯಲ್ಲಿಟ್ಟುಕೊಂಡು ಸೊಪ್ಪು ತಿನ್ನಿಸುತ್ತಾ ಕೂರುವಂತಿಲ್ಲ, ಕೂಡಲೇ ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಒಂದು ಮಾತು ಸ್ಪಷ್ಟವಾಗಿರಲಿ. ಮಾತ್ರೆ ತಗೊಂಡರೆ ಮಗು ದಿನ ತುಂಬಿಯೇ ಹುಟ್ಟುತ್ತೆ ಅಂತ ಯಾರೂ ಭರವಸೆ ಕೊಡಲಾಗದು. ಎಲ್ಲ ಸರಿಯಾಗಿ ಮಾಡಿದ ತಾಯಿಗೂ ಬೇಗ ಹೆರಿಗೆಯಾಗಬಹುದು. ಅಂಥವಳನ್ನು ‘ನೀನೇನೋ ತಿಂದೆ, ಎಲ್ಲೋ ಹೋದೆ’ ಅಂತ ದೂರಬೇಡಿ. ಆದರೆ ರಕ್ತ ಚೆನ್ನಾಗಿದ್ದರೆ ಹೆರಿಗೆಯಲ್ಲಿ ರಕ್ತಸ್ರಾವವಾದರೂ ತಾಯಿ ತಡೆದುಕೊಳ್ಳುತ್ತಾಳೆ. ಇದೊಂದೇ ಸಾಕು, ಮಾತ್ರೆ ಬಿಡದಿರಲು.

ಮೂರು ತಿಂಗಳು ಮುಚ್ಚಿಡಬೇಡಿ

ಈಗ ನಿಜವಾದ ತೊಡಕಿಗೆ ಬರೋಣ. ಮೂರು ತಿಂಗಳು ತುಂಬುವವರೆಗೆ ಬಸಿರಿನ ವಿಷಯ ಯಾರಿಗೂ ಹೇಳಬಾರದು ಅನ್ನೋ ಪದ್ಧತಿ ನಮ್ಮಲ್ಲಿದೆ. ದೃಷ್ಟಿಯಾಗುತ್ತೆ ಅಂತ ಹಿರಿಯರು ಹೇಳ್ತಾರೆ. ಹಿರಿಯರ ಕಾಳಜಿಯನ್ನು ನಾನು ಹಗುರ ಮಾಡಲ್ಲ. ಬೀದಿಗೆಲ್ಲ ಹೇಳಬೇಡಿ. ಆದರೆ ಆಶಾ ಕಾರ್ಯಕರ್ತೆಗೆ ಹೇಳಿ, ಆಸ್ಪತ್ರೆಯ ಸಿಸ್ಟರ್‌ಗೆ ಹೇಳಿ. ಮುಟ್ಟು ನಿಂತ ಕೂಡಲೇ ಹೇಳಿ. 12 ವಾರದೊಳಗೆ ಹೆಸರು ಬರೆಸಿ ತಾಯಿ ಕಾರ್ಡ್ ಪಡೆದರೆ ಆಗಲೇ ಹಿಮೋಗ್ಲೋಬಿನ್, ರಕ್ತದ ಗುಂಪು, ಸಕ್ಕರೆ, ಎಚ್.ಐ.ವಿ., ಸಿಫಿಲಿಸ್, ಮೂತ್ರ ಎಲ್ಲ ಪರೀಕ್ಷೆ ಆಗುತ್ತದೆ. ಇದರಲ್ಲಿ ಸಿಫಿಲಿಸ್, ಮೂತ್ರದ ಸೋಂಕು ಕೂಡ ಬೇಗ ಹೆರಿಗೆ ತರುವಂಥವೇ, ಮತ್ತು ಔಷಧಿಯಿಂದ ವಾಸಿಯಾಗುವಂಥವೇ.

ಐದನೇ ತಿಂಗಳಲ್ಲಿ ಗೊತ್ತಾದ 8 ಗ್ರಾಂ ರಕ್ತವನ್ನು ಹೆರಿಗೆಯೊಳಗೆ ಏರಿಸುವುದು ಓಡುವ ಬಸ್ಸಿನ ಹಿಂದೆ ಓಡಿದ ಹಾಗೆ. ಎರಡನೇ ತಿಂಗಳಲ್ಲಿ ಗೊತ್ತಾದರೆ ನಿಲ್ದಾಣದಲ್ಲೇ ಹತ್ತಿಕೊಂಡ ಹಾಗೆ. ಇನ್ನೂ ಒಳ್ಳೆಯದೆಂದರೆ ಮದುವೆಗೆ ಮೊದಲೇ ಹೆಣ್ಣುಮಗಳ ರಕ್ತ ನೋಡಿಸುವುದು.

ಎರಡನೆಯ ತೊಡಕು ಊಟದ ಸಾಲು. ಗಂಡಸರು, ಮಕ್ಕಳು, ಅತ್ತೆ-ಮಾವ ಎಲ್ಲ ಉಂಡ ಮೇಲೆ ತಳದಲ್ಲಿ ಉಳಿದ ಸಾರು ಸೊಸೆಗೆ. ಮೊಟ್ಟೆ, ಮೀನಿನ ಹೋಳು ಅಷ್ಟರಲ್ಲಿ ಮುಗಿದಿರುತ್ತೆ. ಇಲ್ಲಿ ಕೂತಿರುವವರಲ್ಲಿ ಅರ್ಧ ಜನ ಅತ್ತೆಯಂದಿರು. ನಿಮ್ಮನ್ನೇ ಕೇಳಿಕೊಳ್ತೀನಿ ತಾಯಿ, ಬಸುರಿಗೆ ಮೊದಲು ಬಡಿಸಿ. ಹೊಟ್ಟೆಯಲ್ಲಿರೋದು ನಿಮ್ಮ ಮೊಮ್ಮಗು. 2017ರ ಅಕ್ಟೋಬರ್ 2ರಿಂದ ರಾಜ್ಯದಲ್ಲಿ ಜಾರಿಗೆ ಬಂದ ಮಾತೃಪೂರ್ಣ ಯೋಜನೆ ಗರ್ಭಿಣಿ-ಬಾಣಂತಿಯರಿಗಾಗಿಯೇ ಇರುವುದು. ಅಂಗನವಾಡಿಯಿಂದ ಬಸುರಿಗೆ ಬರಬೇಕಾದ್ದು ಬಸುರಿಯ ಹೊಟ್ಟೆಗೇ ಹೋಗುವಂತೆ ನೋಡಿಕೊಳ್ಳಿ.

ಸಂಘ ಏನು ಮಾಡಬಹುದು?

ಒಂದು, ತಿಂಗಳ ಸಭೆಯಲ್ಲಿ ಉಳಿತಾಯ, ಸಾಲದ ವಿಷಯ ಮುಗಿದ ಮೇಲೆ ಐದು ನಿಮಿಷ ಗರ್ಭಿಣಿಯರಿಗೆ ಮೀಸಲಿಡಿ. ಪರೀಕ್ಷೆ ಆಯಿತಾ, ಅಂಕಿ ಗೊತ್ತಾಯಿತಾ, ಮಾತ್ರೆ ಸಿಗುತ್ತಿದೆಯಾ ಅಂತ ಕೇಳಿ. ಯಾರ ರಕ್ತ ಎಷ್ಟು ಅಂತ ನಡಾವಳಿ ಪುಸ್ತಕದಲ್ಲಿ ಬರೆಯಬೇಡಿ, ಅದು ಅವಳ ಸ್ವಂತ ವಿಷಯ.

ಎರಡು, ಪ್ರತಿ ಗರ್ಭಿಣಿಗೆ ಒಬ್ಬ ಸದಸ್ಯೆ ಜೊತೆಗಾತಿ ಆಗಲಿ. ತಿಂಗಳ 9ನೇ ತಾರೀಖು ಸರ್ಕಾರಿ ಆಸ್ಪತ್ರೆಗಳಲ್ಲಿ ನಾಲ್ಕು ತಿಂಗಳು ದಾಟಿದ ಗರ್ಭಿಣಿಯರಿಗೆ ಡಾಕ್ಟರಿಂದ ಉಚಿತ ತಪಾಸಣೆ ಇರುತ್ತದೆ. ಆ ದಿನ ಜೊತೆಗೆ ಹೋಗಿ. ಅಂಕಿ ಎಷ್ಟು ಅಂತ ಕೇಳಿ, ತಾಯಿ ಕಾರ್ಡಿನಲ್ಲಿ ಬರೆಸಿ.

ಮೂರು, ತುರ್ತು ಸಾಲಕ್ಕೆ ಸಂಘದಲ್ಲಿ ಸ್ವಲ್ಪ ಹಣ ತೆಗೆದಿಡಿ. ರಾತ್ರಿ ಗಾಡಿ ಮಾಡಿಕೊಂಡು ಹೋಗಲು ಸಭೆ ಸೇರುವವರೆಗೆ ಕಾಯಬೇಕಾಗಬಾರದು. ಆದರೆ ‘ಪ್ಯಾಕೇಜ್’ ಅಂತ ಹತ್ತಾರು ರಕ್ತ ಪರೀಕ್ಷೆಗೆ ಸಾಲ ಮಾಡಬೇಡಿ. ಡಾಕ್ಟರು ಯಾವುದು ಬೇಕು ಅಂತ ಹೇಳಿದರೆ ಅದು ಮಾತ್ರ ಸಾಕು.

ನಾಲ್ಕು, ಅಪಾಯದ ಸೂಚನೆ ಎಲ್ಲರಿಗೂ ಬಾಯಿಪಾಠ ಆಗಿರಲಿ. 37 ವಾರಕ್ಕೆ ಮೊದಲು ಹೊಟ್ಟೆ ಬಿಟ್ಟು ಬಿಟ್ಟು ಬಿಗಿಯಾಗುವುದು, ಸೊಂಟ ಹಿಡಿದುಕೊಂಡು ನೋವು ಬರುವುದು, ನೀರು ಹೋಗುವುದು, ರಕ್ತ ಕಾಣುವುದು, ಜೋರು ತಲೆನೋವು, ಕಣ್ಣು ಮಂಜಾಗುವುದು, ಮಗುವಿನ ಅಲುಗಾಟ ಕಡಿಮೆಯಾಗುವುದು. ಕಷಾಯ ಕೊಟ್ಟು ಬೆಳಗಾಗಲಿ ಅಂತ ಕಾಯಬೇಡಿ. 108ಕ್ಕೆ ಫೋನ್ ಮಾಡಿ. ಬೇಗ ಹೋದರೆ ಮಗುವಿನ ಶ್ವಾಸಕೋಶ ಬಲಿಯಲು ತಾಯಿಗೆ ಒಂದು ಇಂಜೆಕ್ಷನ್ ಕೊಡಲು ಸಮಯ ಸಿಗುತ್ತದೆ. 34 ವಾರದೊಳಗಿನ ಮಕ್ಕಳಿಗೆ ಇದು ಜೀವ ಉಳಿಸುವ ಮದ್ದು. ಮಗು ಬೇಗ ಹುಟ್ಟಿಯೇ ಬಿಟ್ಟರೆ ಧೈರ್ಯಗೆಡಬೇಡಿ. ತಾಯಿಯ ಬರಿ ಎದೆಗೆ ಮಗುವನ್ನು ಅಪ್ಪಿಸಿಟ್ಟುಕೊಂಡು ಎದೆಹಾಲು ಕೊಡುವ ಕಾಂಗರೂ ಆರೈಕೆಯಿಂದ ಎಷ್ಟೋ ಸಣ್ಣ ಮಕ್ಕಳು ಉಳಿಯುತ್ತಿವೆ. ತಾಯಿಗೆ ದಣಿವಾದರೆ ಅಪ್ಪ, ಅಜ್ಜಿ ಕೂಡ ಹಾಗೆ ಅಪ್ಪಿಕೊಳ್ಳಬಹುದು.

ಅಕ್ಕಂದಿರೇ, ಹತ್ತು ಹತ್ತು ರೂಪಾಯಿ ಸೇರಿಸಿ ಬ್ಯಾಂಕಿನವರು ಎದ್ದು ನಿಂತು ಮಾತನಾಡಿಸುವ ಹಾಗೆ ಬೆಳೆದವರು ನೀವು. ನಿಮ್ಮ ಕೈಯಲ್ಲಿ ಒಂದು ಊರಿನ ಗರ್ಭಿಣಿಯರ ಲೆಕ್ಕ ಇಡುವುದು ಕಷ್ಟದ ಕೆಲಸವಲ್ಲ. ಮುಂದಿನ ಸಭೆಗೆ ಬರುವಾಗ ಮನೆಯ ಬಸುರಿಯ ತಾಯಿ ಕಾರ್ಡ್ ಒಂದು ಸಲ ತೆರೆದು ನೋಡಿ ಬನ್ನಿ. ಹಿಮೋಗ್ಲೋಬಿನ್ ಜಾಗದಲ್ಲಿ ಅಂಕಿ ಇದೆಯೇ, ಖಾಲಿ ಇದೆಯೇ? ಖಾಲಿ ಇದ್ದರೆ ಮಾರನೆಯ ದಿನವೇ ಆಸ್ಪತ್ರೆಗೆ ಹೊರಡಿ.